ದೀರ್ಘಕಾಲದ ಅಜೀರ್ಣ ಮತ್ತು ಜಠರದ ಬ್ಯಾಕ್ಟೀರಿಯಾ ಸೋಂಕು: ಕೊಪ್ಪಳ ಜಿಲ್ಲೆಯ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಊಟದ ನಂತರ ಹೊಟ್ಟೆ ಉಬ್ಬರಿಸುವುದು, ಸ್ವಲ್ಪ ಉಂಡೊಡನೆ ಹೊಟ್ಟೆ ತುಂಬಿದಂತಾಗುವುದು, ಮೇಲ್ಹೊಟ್ಟೆಯಲ್ಲಿ ನೋವು ಅಥವಾ ಉರಿ, ಹುಳಿತೇಗು, ವಾಕರಿಕೆ ಇವು ತಿಂಗಳುಗಟ್ಟಲೆ ಮುಂದುವರಿದಲ್ಲಿ ಅದನ್ನು ದೀರ್ಘಕಾಲದ ಅಜೀರ್ಣವೆಂದು ಪರಿಗಣಿಸಲಾಗುತ್ತದೆ. ಜನರ ಮಾತಿನಲ್ಲಿ ಇದಕ್ಕೆ ಗ್ಯಾಸ್, ಗ್ಯಾಸ್ಟ್ರಿಕ್, ಪಿತ್ತ, ಅಸಿಡಿಟಿ ಮುಂತಾದ ಹೆಸರುಗಳಿವೆ. ಈ ತೊಂದರೆಯುಳ್ಳವರಲ್ಲಿ ಒಂದು ಭಾಗದವರಿಗೆ ಜಠರದ ಒಳಪೊರೆಯಲ್ಲಿ ನೆಲೆಸಿರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುತ್ತದೆ. ವೈದ್ಯರು ಇದನ್ನು ಸಂಕ್ಷಿಪ್ತವಾಗಿ ಎಚ್. ಪೈಲೋರಿ ಎಂದು ಚೀಟಿಯಲ್ಲಿ ಬರೆಯುತ್ತಾರೆ.

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ನಂತರದಲ್ಲಿ ಗಂಗಾವತಿಯಿಂದ ಕನಕಗಿರಿ ಹಾಗೂ ಕಾರಟಗಿ, ಯಲಬುರ್ಗಾದಿಂದ ಕುಕನೂರು ತಾಲ್ಲೂಕುಗಳು ಪ್ರತ್ಯೇಕಗೊಂಡಿವೆ. ಈ ಎಲ್ಲಾ ತಾಲ್ಲೂಕುಗಳ ನಾಗರಿಕರು ಅಜೀರ್ಣಕ್ಕೆ ಸಂಬಂಧಿಸಿದ ಪರೀಕ್ಷೆ ಹಾಗೂ ಚಿಕಿತ್ಸೆಗಾಗಿ ಸರ್ಕಾರಿ ಆಸ್ಪತ್ರೆಗೆ ಬರುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಇವುಗಳಲ್ಲಿ ಅತಿ ಮುಖ್ಯವಾದ ಅಂಶವನ್ನು ಮೊದಲೇ ತಿಳಿಸುವುದು ಸೂಕ್ತ. ಪ್ರತಿದಿನ ಆಮ್ಲ ತಗ್ಗಿಸುವ ಮಾತ್ರೆಯನ್ನು ಸೇವಿಸುತ್ತಿರುವ ವ್ಯಕ್ತಿಯು ಅದನ್ನು ನಿಲ್ಲಿಸದೆ ಈ ಸೋಂಕಿನ ಪರೀಕ್ಷೆ ಮಾಡಿಸಿಕೊಂಡಲ್ಲಿ, ಸೋಂಕು ಇದ್ದರೂ ಇಲ್ಲವೆಂದು ವರದಿ ಬರುವ ಸಾಧ್ಯತೆ ಇರುತ್ತದೆ.

ರೋಗಾಣು ಮತ್ತು ಅದರ ಪರಿಣಾಮ

ಜಠರದಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲವು ಆಹಾರದೊಂದಿಗೆ ಸೇರುವ ಬಹುತೇಕ ಸೂಕ್ಷ್ಮಜೀವಿಗಳನ್ನು ನಾಶಪಡಿಸುತ್ತದೆ. ಆದ್ದರಿಂದ ಜಠರದಲ್ಲಿ ಬ್ಯಾಕ್ಟೀರಿಯಾ ನೆಲೆಸಲಾರದು ಎಂಬುದೇ ಬಹುಕಾಲದವರೆಗೆ ವೈದ್ಯಕೀಯ ಲೋಕದ ನಂಬಿಕೆಯಾಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ರೋಗಿಗಳ ಜಠರದ ಮಾದರಿಯಿಂದ ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವಲ್ಲಿ ಯಶಸ್ವಿಯಾದರು. ಅದನ್ನು ಒಪ್ಪದವರೇ ಹೆಚ್ಚಾಗಿದ್ದ ಕಾರಣ ಮಾರ್ಷಲ್ ಅವರು 1984ರಲ್ಲಿ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ಸ್ವತಃ ಕುಡಿದು, ಕೆಲವೇ ದಿನಗಳಲ್ಲಿ ವಾಂತಿ ಹಾಗೂ ಜಠರದ ಉರಿಯೂತಕ್ಕೆ ಒಳಗಾದರು. ಇವರಿಬ್ಬರಿಗೆ 2005ರಲ್ಲಿ ವೈದ್ಯಕೀಯ ಕ್ಷೇತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಹುಣ್ಣಿಗೆ ಚಿಂತೆ ಮತ್ತು ಖಾರವೇ ಮೂಲ ಎಂಬ ಅಭಿಪ್ರಾಯವು ಇದರಿಂದ ಬದಲಾಯಿತು.

ಈ ಬ್ಯಾಕ್ಟೀರಿಯಾವು ಯೂರಿಯೇಸ್ ಎಂಬ ಕಿಣ್ವವನ್ನು ಉತ್ಪಾದಿಸುತ್ತದೆ. ಕಿಣ್ವವು ಜಠರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಉಂಟುಮಾಡುತ್ತದೆ. ಅಮೋನಿಯಾವು ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಹೀಗೆ ತನ್ನ ಸುತ್ತ ರಕ್ಷಣೆ ನಿರ್ಮಿಸಿಕೊಂಡು ಬ್ಯಾಕ್ಟೀರಿಯಾವು ಲೋಳೆಯ ಪದರದ ಒಳಗೆ ಸೇರುತ್ತದೆ ಹಾಗೂ ಚಿಕಿತ್ಸೆ ದೊರೆಯದಿದ್ದಲ್ಲಿ ಸಾಮಾನ್ಯವಾಗಿ ಜೀವಮಾನವಿಡೀ ಅಲ್ಲಿಯೇ ಉಳಿಯುತ್ತದೆ. ಒಳಪೊರೆಯಲ್ಲಿ ಉರಿಯೂತ ಮುಂದುವರಿದು ಕೆಲವರಲ್ಲಿ ಜಠರದ ಹುಣ್ಣು ಅಥವಾ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಉಂಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ ಈ ಸೋಂಕನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಅಂಶಗಳ ಮೊದಲ ವರ್ಗಕ್ಕೆ ಸೇರಿಸಿತು.

ಇಷ್ಟು ಓದಿದ ಮಾತ್ರಕ್ಕೆ ಗಾಬರಿಯಾಗಬೇಕಾದ ಅಗತ್ಯವಿಲ್ಲ. ಭಾರತದಲ್ಲಿ ನಡೆದ ಬಹುತೇಕ ಅಧ್ಯಯನಗಳಲ್ಲಿ ವಯಸ್ಕರ ಪೈಕಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನರಲ್ಲಿ ಈ ಸೋಂಕು ಕಂಡುಬಂದಿದೆ. ಅವರಲ್ಲಿ ಬಹುಪಾಲು ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ಸೋಂಕಿರುವ ನೂರು ಜನರಲ್ಲಿ ಸುಮಾರು 10 ರಿಂದ 15 ಜನರಿಗೆ ಜೀವಮಾನದಲ್ಲಿ ಹುಣ್ಣು ಉಂಟಾಗಬಹುದು. ಜಠರದ ಕ್ಯಾನ್ಸರ್ ಉಂಟಾಗುವವರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಭಾರತದಲ್ಲಿ ಸೋಂಕು ವ್ಯಾಪಕವಾಗಿದ್ದರೂ ಜಠರದ ಕ್ಯಾನ್ಸರ್ ಪ್ರಮಾಣವು ಜಪಾನ್, ಕೊರಿಯಾದಂತಹ ದೇಶಗಳಷ್ಟು ಇಲ್ಲ ಎಂಬುದೂ ಗಮನಾರ್ಹ. ಆದ್ದರಿಂದ ಯಾವ ತೊಂದರೆಯೂ ಇಲ್ಲದ ವ್ಯಕ್ತಿಯು ಕೇವಲ ಕುತೂಹಲಕ್ಕಾಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತವಲ್ಲ. ದೀರ್ಘಕಾಲದ ಅಜೀರ್ಣ ಇರುವವರು, ಹಿಂದೆ ಹುಣ್ಣು ಆಗಿದ್ದವರು, ಒಡಹುಟ್ಟಿದವರಿಗೆ ಅಥವಾ ತಂದೆತಾಯಿಗೆ ಜಠರದ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರು ಹಾಗೂ ನೋವುನಿವಾರಕ ಮಾತ್ರೆ ಅಥವಾ ಆಸ್ಪಿರಿನ್ ಅನ್ನು ದೀರ್ಘಕಾಲ ಸೇವಿಸಬೇಕಾದವರು ವೈದ್ಯರ ಸಲಹೆ ಮೇರೆಗೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಸೋಂಕು ಹರಡುವ ಬಗೆ

ಸೋಂಕು ಬಹುತೇಕ ಬಾಲ್ಯದಲ್ಲಿ, ಮನೆಯೊಳಗೇ ತಗಲುತ್ತದೆ. ಜೊಲ್ಲು, ವಾಂತಿ ಮತ್ತು ಮಲದ ಮೂಲಕ ಒಬ್ಬರಿಂದ ಮತ್ತೊಬ್ಬರಿಗೆ ಹರಡುತ್ತದೆ. ಒತ್ತೊತ್ತಾಗಿ ವಾಸಿಸುವುದು, ಶೌಚಾಲಯದ ಕೊರತೆ ಮತ್ತು ಅಶುದ್ಧ ನೀರು ಇದಕ್ಕೆ ಅನುಕೂಲ ಕಲ್ಪಿಸುತ್ತವೆ. ಮಗುವಿಗೆ ತುತ್ತನ್ನು ಅಗಿದು ಕೊಡುವ ರೂಢಿಯನ್ನು ಬಿಡುವುದು, ಶೌಚದ ನಂತರ ಹಾಗೂ ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುವುದು, ಕುಡಿಯುವ ನೀರಿನ ಕೊಡವನ್ನು ಮುಚ್ಚಿಡುವುದು ಇಷ್ಟು ಸಾಕು. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಸಹ ತೆರೆದ ಕೊಡದಲ್ಲಿ ಕೈ ಅದ್ದಿದ ಲೋಟದಿಂದ ಮತ್ತೆ ಕಲುಷಿತಗೊಳ್ಳುತ್ತದೆ ಎಂಬುದನ್ನು ಮರೆಯಬಾರದು. ವಯಸ್ಕರಲ್ಲಿ ಪೂರ್ಣ ಚಿಕಿತ್ಸೆಯ ನಂತರ ಸೋಂಕು ಮರಳಿ ತಗಲುವ ಸಂಭವ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಆದುದರಿಂದ ಮನೆಯಲ್ಲಿ ತೊಂದರೆಯಿಲ್ಲದ ಎಲ್ಲರಿಗೂ ಒಮ್ಮೆಗೇ ಮಾತ್ರೆ ಕೊಡಿಸುವ ಅಗತ್ಯ ಇರುವುದಿಲ್ಲ.

ಮಿರ್ಚಿ ಬಜಿ, ಚಟ್ನಿ ಪುಡಿ, ಹಸಿಮೆಣಸಿನಕಾಯಿಯಿಂದ ಈ ಸೋಂಕು ಬರುವುದಿಲ್ಲ. ಅವು ಕೆಲವರಲ್ಲಿ ಉರಿಯನ್ನು ಹೆಚ್ಚಿಸುತ್ತವೆ. ಅಂಥವರು ಕಡಿಮೆ ಮಾಡಬಹುದು. ಹಾಗೆಂದು ಜೋಳದ ರೊಟ್ಟಿಯನ್ನೇ ಬಿಟ್ಟು ಬರೀ ಗಂಜಿಯ ಮೇಲೆ ತಿಂಗಳುಗಟ್ಟಲೆ ಇರುವುದರಿಂದ ದೇಹ ಸೊರಗುವುದೇ ಹೊರತು ಬ್ಯಾಕ್ಟೀರಿಯಾ ಹೋಗುವುದಿಲ್ಲ.

ಅಜೀರ್ಣಕ್ಕೆ ಇತರೆ ಕಾರಣಗಳು

ಪರೀಕ್ಷೆಯಲ್ಲಿ ಸೋಂಕು ಕಂಡುಬಂದ ಕೂಡಲೇ ಎಲ್ಲಾ ತೊಂದರೆಗೂ ಅದೇ ಕಾರಣವೆಂದು ತೀರ್ಮಾನಿಸಲಾಗದು. ಜಿಲ್ಲೆಯ ಪರಿಸ್ಥಿತಿಯಲ್ಲಿ ಮೂರು ಕಾರಣಗಳನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ.

ಮೊದಲನೆಯದು ನೋವುನಿವಾರಕ ಮಾತ್ರೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶವಾದ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ನಾಟಿ ಹಾಗೂ ಕೊಯ್ಲಿನ ಹಂಗಾಮಿನಲ್ಲಿ, ಇತರೆಡೆ ಕೂಲಿ ಹಾಗೂ ಕಟ್ಟಡ ಕೆಲಸ ಮಾಡುವವರಲ್ಲಿ, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ಮಾತ್ರೆಗಳನ್ನು ಚೀಟಿಯಿಲ್ಲದೆ ತಂದು ನುಂಗುವ ರೂಢಿ ಇದೆ. ಇವು ಸ್ವತಂತ್ರವಾಗಿಯೇ ಜಠರದಲ್ಲಿ ಹುಣ್ಣು ಉಂಟುಮಾಡಬಲ್ಲವು. ಎಚ್. ಪೈಲೋರಿ ಸೋಂಕು ಇರುವವರು ಇವುಗಳನ್ನು ಸೇವಿಸಿದಲ್ಲಿ ಹುಣ್ಣು ಹಾಗೂ ರಕ್ತಸ್ರಾವದ ಅಪಾಯ ಮತ್ತಷ್ಟು ಹೆಚ್ಚುತ್ತದೆ. ಹಲವರು ಈ ಮಾತ್ರೆಗಳನ್ನು ಔಷಧವೆಂದೇ ಎಣಿಸದ ಕಾರಣ ವೈದ್ಯರಿಗೆ ತಿಳಿಸುವುದಿಲ್ಲ. ಯಾವುದೇ ನೋವಿನ ಮಾತ್ರೆ, ಇಂಜೆಕ್ಷನ್ ಅಥವಾ ನಾಟಿ ಔಷಧದ ಪುಡಿಯನ್ನು ಬಳಸುತ್ತಿದ್ದಲ್ಲಿ ಅದರ ಹಾಳೆ ಅಥವಾ ಪೊಟ್ಟಣವನ್ನು ಆಸ್ಪತ್ರೆಗೆ ತರತಕ್ಕದ್ದು.

ಎರಡನೆಯದು ಫ್ಲೋರೈಡ್. ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಹಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ಸಂಗತಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಮಾತ್ರ ಅವಕಾಶವಿದೆ. ಅಧಿಕ ಫ್ಲೋರೈಡ್ ಹಲ್ಲು ಹಾಗೂ ಮೂಳೆಗೆ ಹಾನಿ ಮಾಡುವುದಲ್ಲದೆ ಜಠರದ ಆಮ್ಲದೊಂದಿಗೆ ಸೇರಿ ಒಳಪೊರೆಯನ್ನು ಕೆರಳಿಸುತ್ತದೆ. ಫ್ಲೋರೈಡ್ ಬಾಧಿತ ಪ್ರದೇಶಗಳಲ್ಲಿ ವಾಕರಿಕೆ, ಹೊಟ್ಟೆನೋವು, ಉಬ್ಬರ ಇವು ಹೆಚ್ಚಾಗಿ ಕಂಡುಬರುವುದನ್ನು ಭಾರತೀಯ ಸಂಶೋಧಕರು ದಾಖಲಿಸಿದ್ದಾರೆ. ಇಂತಹ ಗ್ರಾಮದ ರೋಗಿಗೆ ಬ್ಯಾಕ್ಟೀರಿಯಾ ಚಿಕಿತ್ಸೆ ನೀಡಿದರೂ, ಅದೇ ಕೊಳವೆಬಾವಿ ನೀರನ್ನು ಕುಡಿಯುತ್ತಿದ್ದಲ್ಲಿ, ತೊಂದರೆ ಪೂರ್ಣವಾಗಿ ಹೋಗದಿರಬಹುದು. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಕಡಿಮೆಯಾಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರು ಯಾವ ಮೂಲದ್ದು ಎಂಬುದನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಮೂರನೆಯದು ತಂಬಾಕು, ಗುಟ್ಖಾ ಮತ್ತು ಮದ್ಯ. ಬೀಡಿ ಸಿಗರೇಟು ಸೇದುವವರಲ್ಲಿ ಹುಣ್ಣು ಮಾಯುವುದು ನಿಧಾನವಾಗುತ್ತದೆ ಹಾಗೂ ಬ್ಯಾಕ್ಟೀರಿಯಾ ವಿರುದ್ಧದ ಚಿಕಿತ್ಸೆಯೂ ವಿಫಲವಾಗುವ ಸಂಭವ ಹೆಚ್ಚು.

ಇವಲ್ಲದೆ ಪಿತ್ತಕೋಶದ ಕಲ್ಲು, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಕೆಲವು ಔಷಧಗಳು ಸಹ ಅಜೀರ್ಣವನ್ನು ಹೋಲುವ ಲಕ್ಷಣಗಳನ್ನು ತೋರುತ್ತವೆ. ಎಷ್ಟೋ ಜನರಲ್ಲಿ ಎಲ್ಲಾ ಪರೀಕ್ಷೆಗಳ ನಂತರವೂ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಅದು ಪರೀಕ್ಷೆಯ ಲೋಪವಲ್ಲ. ಜಠರದ ಚಲನೆ ಹಾಗೂ ಸಂವೇದನೆಯಲ್ಲಿನ ವ್ಯತ್ಯಾಸದಿಂದ ಉಂಟಾಗುವ ಈ ಬಗೆಯ ಅಜೀರ್ಣಕ್ಕೂ ಚಿಕಿತ್ಸೆ ಇದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ರಕ್ತವಾಂತಿ ಅಥವಾ ಕಾಫಿ ಪುಡಿಯಂತಹ ಕಪ್ಪು ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ಹೊಟ್ಟೆಯು ಹಲಗೆಯಂತೆ ಬಿಗಿಯುವ ಒಮ್ಮೆಲೇ ಬಂದ ತೀವ್ರ ನೋವು ಇವು ತುರ್ತು ಲಕ್ಷಣಗಳು. ಹುಣ್ಣಿನಿಂದ ರಕ್ತ ಸುರಿಯುತ್ತಿರುವುದನ್ನು ಅಥವಾ ಹುಣ್ಣು ತೂತು ಬಿದ್ದಿರುವುದನ್ನು ಇವು ಸೂಚಿಸುತ್ತವೆ. ಇಂತಹ ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಮೂಲಕ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಬೆಳಗಿನವರೆಗೆ ಕಾಯಬಾರದು, ಏನನ್ನೂ ತಿನ್ನಲು ಕುಡಿಯಲು ಕೊಡಬಾರದು.

ಕಬ್ಬಿಣಾಂಶದ ಮಾತ್ರೆ ಸೇವಿಸುವ ಗರ್ಭಿಣಿಯರಲ್ಲಿ ಹಾಗೂ ಬಿಸ್ಮತ್ ಔಷಧ ಸೇವಿಸುವವರಲ್ಲಿಯೂ ಮಲ ಕಪ್ಪಾಗುತ್ತದೆ. ಅದು ಗಟ್ಟಿಯಾಗಿರುತ್ತದೆ, ಅಂಟಂಟಾಗಿರುವುದಿಲ್ಲ, ತಲೆಸುತ್ತು ಇರುವುದಿಲ್ಲ. ಅನುಮಾನವಿದ್ದಲ್ಲಿ ತೋರಿಸಿಕೊಳ್ಳುವುದೇ ಲೇಸು.

ಎದೆಯ ಕೆಳಭಾಗದಲ್ಲಿ ಒತ್ತಿದಂತೆ ನೋವು, ಬೆವರು, ಉಸಿರು ಕಟ್ಟುವುದು, ನೋವು ಎಡಗೈ ಅಥವಾ ದವಡೆಗೆ ಹರಡುವುದು ಕಂಡುಬಂದಲ್ಲಿ ಅದನ್ನು ಗ್ಯಾಸ್ ಎಂದು ಭಾವಿಸಿ ಸೋಡಾ ಕುಡಿದು ಮಲಗಬಾರದು. ಹೃದಯಾಘಾತವು ಹೀಗೂ ಆರಂಭವಾಗುತ್ತದೆ. ಮೊದಲು ಇ.ಸಿ.ಜಿ. ಮಾಡಿಸತಕ್ಕದ್ದು.

ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿರುವುದು, ನುಂಗಲು ಕಷ್ಟವಾಗುವುದು, ಮೇಲಿಂದ ಮೇಲೆ ವಾಂತಿ, ರಕ್ತಹೀನತೆ, ಮೇಲ್ಹೊಟ್ಟೆಯಲ್ಲಿ ಗಡ್ಡೆ, ಹಾಗೂ ನಡುವಯಸ್ಸು ದಾಟಿದ ನಂತರ ಹೊಸದಾಗಿ ಕಾಣಿಸಿಕೊಂಡ ಅಜೀರ್ಣ, ಇವು ತುರ್ತು ಅಲ್ಲದಿದ್ದರೂ ಎಂಡೋಸ್ಕೋಪಿ ಪರೀಕ್ಷೆ ಅಗತ್ಯವೆಂದು ತಿಳಿಸುವ ಲಕ್ಷಣಗಳು. ಜಠರದ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯ ಅಜೀರ್ಣದಂತೆಯೇ ಇರುತ್ತದೆ. ಆಮ್ಲ ತಗ್ಗಿಸುವ ಮಾತ್ರೆಯಿಂದ ಅದರ ನೋವೂ ಕೆಲಕಾಲ ಶಮನವಾಗುತ್ತದೆ. ವರ್ಷಗಟ್ಟಲೆ ಅಂಗಡಿಯ ಮಾತ್ರೆಯಲ್ಲೇ ಕಾಲ ತಳ್ಳುವುದರ ನಿಜವಾದ ಅಪಾಯ ಇದೇ ಆಗಿದೆ.

ಪರೀಕ್ಷೆಗಳು

ಎಚ್. ಪೈಲೋರಿ ಪತ್ತೆಗೆ ಹಲವು ವಿಧಾನಗಳಿದ್ದು, ಯಾವುದನ್ನು ಆರಿಸಬೇಕೆಂಬುದು ರೋಗಿಯ ವಯಸ್ಸು ಮತ್ತು ಲಕ್ಷಣಗಳನ್ನು ಅವಲಂಬಿಸುತ್ತದೆ.

ಮೇಲೆ ತಿಳಿಸಿದ ಅಪಾಯದ ಲಕ್ಷಣಗಳು ಇದ್ದವರಿಗೆ ಎಂಡೋಸ್ಕೋಪಿ ಮಾಡಲಾಗುತ್ತದೆ. ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ನಳಿಕೆಯನ್ನು ಬಾಯಿಯ ಮೂಲಕ ಜಠರಕ್ಕೆ ಇಳಿಸಿ ಒಳಪೊರೆಯನ್ನು ನೋಡಲಾಗುತ್ತದೆ. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುವುದರಿಂದ ನೋವು ಇರುವುದಿಲ್ಲ, ವಾಕರಿಕೆ ಮಾತ್ರ ಇರುತ್ತದೆ. ಪರೀಕ್ಷೆಯು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಒಳಪೊರೆಯ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದು ಒಂದನ್ನು ಯೂರಿಯಾ ಇರುವ ದ್ರಾವಣಕ್ಕೆ ಹಾಕಲಾಗುತ್ತದೆ. ಬ್ಯಾಕ್ಟೀರಿಯಾ ಇದ್ದಲ್ಲಿ ಅಮೋನಿಯಾ ಉಂಟಾಗಿ ದ್ರಾವಣದ ಬಣ್ಣ ಹಳದಿಯಿಂದ ಗುಲಾಬಿಗೆ ತಿರುಗುತ್ತದೆ. ಉಳಿದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಚೂರು ತೆಗೆದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಅಪಾಯದ ಲಕ್ಷಣಗಳಿಲ್ಲದ ಕಿರಿಯ ವಯಸ್ಸಿನವರಿಗೆ ಎಂಡೋಸ್ಕೋಪಿ ಇಲ್ಲದೆಯೂ ಪರೀಕ್ಷೆ ಸಾಧ್ಯ. ಮಲದ ಮಾದರಿಯಲ್ಲಿ ಬ್ಯಾಕ್ಟೀರಿಯಾದ ಅಂಶವನ್ನು ಪತ್ತೆ ಮಾಡುವ ಪರೀಕ್ಷೆ ಒಂದು. ಯೂರಿಯಾ ಬೆರೆಸಿದ ದ್ರವವನ್ನು ಅಥವಾ ಮಾತ್ರೆಯನ್ನು ಸೇವಿಸಿದ ನಂತರ ಉಸಿರನ್ನು ಪರೀಕ್ಷಿಸುವುದು ಇನ್ನೊಂದು. ಉಸಿರಿನ ಪರೀಕ್ಷೆಯು ಸಾಮಾನ್ಯವಾಗಿ ದೊಡ್ಡ ನಗರಗಳ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಈ ಎರಡೂ ವಿಶ್ವಾಸಾರ್ಹ ಪರೀಕ್ಷೆಗಳಾಗಿವೆ.

ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಯ ಬಗ್ಗೆ ಎಚ್ಚರಿಕೆ ಅಗತ್ಯ. ಸೋಂಕು ಹೋದ ನಂತರವೂ ಪ್ರತಿಕಾಯಗಳು ತಿಂಗಳು, ವರ್ಷಗಳವರೆಗೆ ರಕ್ತದಲ್ಲಿ ಉಳಿಯುವುದರಿಂದ ಈಗ ಸೋಂಕು ಇದೆಯೋ ಹಿಂದೆ ಇತ್ತೋ ಎಂಬುದನ್ನು ಅದು ಹೇಳಲಾರದು. ಚಿಕಿತ್ಸೆ ಫಲಿಸಿದೆಯೇ ಎಂದು ತಿಳಿಯಲು ಈ ಪರೀಕ್ಷೆ ಉಪಯೋಗವಿಲ್ಲ. ಕೇವಲ ರಕ್ತಪರೀಕ್ಷೆಯ ವರದಿಯನ್ನು ಆಧರಿಸಿ ಆಂಟಿಬಯೋಟಿಕ್ ಆರಂಭಿಸಿಕೊಳ್ಳಬಾರದು.

ಪರೀಕ್ಷೆಗೆ ಮುನ್ನ ಪಾಲಿಸಬೇಕಾದ ಕ್ರಮ

ಪ್ಯಾಂಟೋಪ್ರಜೋಲ್, ಒಮೆಪ್ರಜೋಲ್, ರಾಬಿಪ್ರಜೋಲ್, ಇಸೊಮೆಪ್ರಜೋಲ್ ಮುಂತಾದ ಹೆಸರಿನ ಮಾತ್ರೆಗಳನ್ನು ಪರೀಕ್ಷೆಗೆ ಕನಿಷ್ಠ 2 ವಾರ ಮೊದಲು ನಿಲ್ಲಿಸಿರಬೇಕು. ಯಾವುದೇ ಆಂಟಿಬಯೋಟಿಕ್ ಅಥವಾ ಬಿಸ್ಮತ್ ಔಷಧ ಸೇವಿಸಿದ್ದಲ್ಲಿ ಅದು ಮುಗಿದು ಕನಿಷ್ಠ 4 ವಾರ ಕಳೆದಿರಬೇಕು. ಈ ಔಷಧಗಳು ಬ್ಯಾಕ್ಟೀರಿಯಾವನ್ನು ನಾಶಪಡಿಸದೆ ಅದರ ಸಂಖ್ಯೆಯನ್ನು ಮಾತ್ರ ತಗ್ಗಿಸುತ್ತವೆ ಅಥವಾ ಅದು ಜಠರದ ಮೇಲ್ಭಾಗಕ್ಕೆ ಸರಿಯುವಂತೆ ಮಾಡುತ್ತವೆ. ಪರಿಣಾಮವಾಗಿ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ, ಆದರೆ ಜಠರದಲ್ಲಿ ಇದ್ದೇ ಇರುತ್ತದೆ.

ಮಾತ್ರೆಯ ಹಾಳೆಯ ಮೇಲೆ ದೊಡ್ಡದಾಗಿ ಕಂಪನಿಯ ಹೆಸರಿದ್ದು ಔಷಧದ ನಿಜವಾದ ಹೆಸರು ಕೆಳಗೆ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಓದಲು ಬಾರದಿದ್ದಲ್ಲಿ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತೋರಿಸಿ ತಿಳಿದುಕೊಳ್ಳಬಹುದು. ಹನುಮಸಾಗರ ಅಥವಾ ತಾವರಗೇರಾದಿಂದ ಒಂದು ದಿನದ ಕೂಲಿ ಕಳೆದುಕೊಂಡು ಕೊಪ್ಪಳಕ್ಕೆ ಬಂದ ವ್ಯಕ್ತಿಯು ಅದೇ ದಿನ ಬೆಳಿಗ್ಗೆ ಮಾತ್ರೆ ನುಂಗಿದ್ದಲ್ಲಿ ಪ್ರಯಾಣವೂ ಪರೀಕ್ಷೆಯೂ ವ್ಯರ್ಥ. ಅದಕ್ಕಿಂತ ಕೆಟ್ಟದ್ದೆಂದರೆ ಸೋಂಕಿಲ್ಲ ಎಂಬ ತಪ್ಪು ವರದಿಯನ್ನು ನಂಬಿ ವರ್ಷಗಟ್ಟಲೆ ನಿಶ್ಚಿಂತೆಯಿಂದ ಇರುವುದು. ಆದ್ದರಿಂದ ಪರೀಕ್ಷೆಯ ದಿನಾಂಕ ಕೇಳುವಾಗಲೇ ಯಾವ ಮಾತ್ರೆಯನ್ನು ಎಂದಿನಿಂದ ನಿಲ್ಲಿಸಬೇಕೆಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳತಕ್ಕದ್ದು.

ನಿಲ್ಲಿಸಿದ ದಿನಗಳಲ್ಲಿ ಉರಿ ಹೆಚ್ಚಾಗುವುದು ಸಹಜ. ಆಗ ಆಂಟಾಸಿಡ್ ಸಿರಪ್ ಬಳಸಬಹುದೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸಬೇಕು. ಆದರೆ ಇತ್ತೀಚೆಗೆ ಹುಣ್ಣಿನಿಂದ ರಕ್ತಸ್ರಾವ ಆಗಿದ್ದವರು, ಹೃದ್ರೋಗಕ್ಕಾಗಿ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಸೇವಿಸುವವರು ವೈದ್ಯರ ಅನುಮತಿಯಿಲ್ಲದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಅಪಾಯದ ಲಕ್ಷಣವುಳ್ಳವರು ಎರಡು ವಾರ ಕಾಯದೆ ಕೂಡಲೇ ಎಂಡೋಸ್ಕೋಪಿಗೆ ಒಳಗಾಗಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯನ್ನು ನಂತರ ಮತ್ತೊಮ್ಮೆ ಮಾಡಬಹುದು.

ಎಂಡೋಸ್ಕೋಪಿಗೆ ಬರುವವರು ಹಿಂದಿನ ರಾತ್ರಿ ಲಘು ಊಟ ಮಾಡಿ, ಪರೀಕ್ಷೆಗೆ ಮುನ್ನ 6 ರಿಂದ 8 ಗಂಟೆಗಳ ಕಾಲ ಏನನ್ನೂ ಸೇವಿಸದೆ ಬರತಕ್ಕದ್ದು. ಚಹಾ, ಎಲೆ ಅಡಿಕೆ ಸಹ ಕೂಡದು. ಸಕ್ಕರೆ ಕಾಯಿಲೆಯವರು ಆ ದಿನದ ಮಾತ್ರೆ ಅಥವಾ ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು. ಜೊತೆಯಲ್ಲಿ ಒಬ್ಬ ಸಂಬಂಧಿಕರು ಇರುವುದು ಅಪೇಕ್ಷಣೀಯ.

ಚಿಕಿತ್ಸೆ

ಈ ಬ್ಯಾಕ್ಟೀರಿಯಾವು ಒಂದೇ ಔಷಧದಿಂದ ಹೋಗುವುದಿಲ್ಲ. ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಎರಡು ಆಂಟಿಬಯೋಟಿಕ್‌ಗಳನ್ನು, ಹಲವು ಸಂದರ್ಭಗಳಲ್ಲಿ ಬಿಸ್ಮತ್ ಔಷಧವನ್ನೂ ಸೇರಿಸಿ, ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆಯನ್ನು ನೀಡಲಾಗುತ್ತದೆ. ಹಿಂದೆ 7 ದಿನಗಳ ಚಿಕಿತ್ಸೆ ಸಾಕೆನ್ನಲಾಗುತ್ತಿತ್ತು. ಬ್ಯಾಕ್ಟೀರಿಯಾವು ಔಷಧಗಳಿಗೆ ನಿರೋಧಕ ಶಕ್ತಿ ಬೆಳೆಸಿಕೊಂಡ ಕಾರಣ ಈಗ ಅದನ್ನು ಶಿಫಾರಸು ಮಾಡುತ್ತಿಲ್ಲ.

ಕರ್ನಾಟಕದ ಪರಿಸ್ಥಿತಿಯ ಬಗ್ಗೆ ಕರಾವಳಿ ಭಾಗದ ರೋಗಿಗಳ ಜಠರದ ಮಾದರಿಗಳನ್ನು ಆಧರಿಸಿ ಮಣಿಪಾಲದ ವೈದ್ಯಕೀಯ ಕಾಲೇಜಿನ ತಜ್ಞರು ಭಾಗವಹಿಸಿದ್ದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೆಟ್ರೊನಿಡಜೋಲ್ ಮತ್ತು ಲೆವೊಫ್ಲಾಕ್ಸಾಸಿನ್ ಔಷಧಗಳಿಗೆ ಹೆಚ್ಚಿನ ಪ್ರಮಾಣದ, ಕ್ಲಾರಿತ್ರೊಮೈಸಿನ್ ಔಷಧಕ್ಕೆ ಮಧ್ಯಮ ಪ್ರಮಾಣದ ನಿರೋಧಕತೆ ಕಂಡುಬಂದಿತು. ಭೇದಿಗೆ, ಜ್ವರಕ್ಕೆ, ಹಲ್ಲುನೋವಿಗೆ ಚೀಟಿಯಿಲ್ಲದೆ ಎರಡು ಮೂರು ದಿನದ ಮಾತ್ರೆ ತಂದು ನುಂಗುವ ರೂಢಿಯು ಇಂತಹ ನಿರೋಧಕತೆಗೆ ದಾರಿ ಮಾಡಿಕೊಡುತ್ತದೆ. ಲೆವೊಫ್ಲಾಕ್ಸಾಸಿನ್ ಕ್ಷಯರೋಗದ ಚಿಕಿತ್ಸೆಯಲ್ಲಿಯೂ ಬಳಕೆಯಾಗುವ ಔಷಧವಾದ್ದರಿಂದ ಅದನ್ನು ಅನಗತ್ಯವಾಗಿ ಬಳಸಿದಲ್ಲಿ ಕ್ಷಯರೋಗ ಪತ್ತೆಯಾಗುವುದೂ ತಡವಾಗಬಹುದು. ಹಿಂದೆ ಸೇವಿಸಿದ ಆಂಟಿಬಯೋಟಿಕ್‌ಗಳ ಚೀಟಿಗಳಿದ್ದಲ್ಲಿ ವೈದ್ಯರಿಗೆ ತೋರಿಸತಕ್ಕದ್ದು; ಒಮ್ಮೆ ವಿಫಲವಾದ ಔಷಧವನ್ನು ಮತ್ತೆ ನೀಡದಿರಲು ಇದು ನೆರವಾಗುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದಲ್ಲಿ, ಗರ್ಭಿಣಿಯಾಗಿದ್ದಲ್ಲಿ ಅಥವಾ ಹಾಲುಣಿಸುತ್ತಿದ್ದಲ್ಲಿ ಕಡ್ಡಾಯವಾಗಿ ತಿಳಿಸಬೇಕು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆರಿಗೆಯ ನಂತರವೇ ಈ ಚಿಕಿತ್ಸೆ ನೀಡಲಾಗುತ್ತದೆ.

ದಿನಕ್ಕೆ ಹತ್ತಕ್ಕೂ ಹೆಚ್ಚು ಮಾತ್ರೆ ನುಂಗಬೇಕಾಗುವುದರಿಂದ ಅರ್ಧಕ್ಕೆ ಬಿಡುವವರು ಬಹಳ. ಬಾಯಿಯಲ್ಲಿ ಲೋಹದ ರುಚಿ, ವಾಕರಿಕೆ, ಸಡಿಲ ಮಲ, ಬಿಸ್ಮತ್‌ನಿಂದ ನಾಲಿಗೆ ಹಾಗೂ ಮಲ ಕಪ್ಪಾಗುವುದು ನಿರೀಕ್ಷಿತ ಪರಿಣಾಮಗಳಾಗಿದ್ದು ಚಿಕಿತ್ಸೆ ಮುಗಿದ ಮೇಲೆ ಹೋಗುತ್ತವೆ. ಮೈ ಮೇಲೆ ದದ್ದು, ಮುಖ ಊದಿಕೊಳ್ಳುವುದು, ತೀವ್ರ ಭೇದಿ ಆದಲ್ಲಿ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಆಮ್ಲ ತಗ್ಗಿಸುವ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಸೇವಿಸತಕ್ಕದ್ದು. ಟೆಟ್ರಾಸೈಕ್ಲಿನ್ ನೀಡಿದ್ದಲ್ಲಿ ಅದನ್ನು ಹಾಲು, ಮೊಸರು, ಮಜ್ಜಿಗೆ ಅಥವಾ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳೊಂದಿಗೆ ನುಂಗಿದರೆ ರಕ್ತಕ್ಕೆ ಸೇರುವುದಿಲ್ಲ. ನಡುವೆ ಕನಿಷ್ಠ 2 ಗಂಟೆ ಅಂತರ ಇರಬೇಕು. ಊಟದ ಕೊನೆಗೆ ಮಜ್ಜಿಗೆ ಕುಡಿಯುವವರು ಇದನ್ನು ವಿಶೇಷವಾಗಿ ಗಮನಿಸುವುದು. ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಸೇವಿಸುವ ದಿನಗಳಲ್ಲಿ ಹಾಗೂ ಅದು ಮುಗಿದು 3 ದಿನಗಳವರೆಗೆ ಮದ್ಯ ಸೇವಿಸಬಾರದು.

ಕುಷ್ಟಗಿ, ಯಲಬುರ್ಗಾ ಭಾಗದಿಂದ ಕೆಲಸ ಅರಸಿ ಗುಳೆ ಹೋಗುವ ಕುಟುಂಬದವರು ಹೊರಡುವ ದಿನಾಂಕವನ್ನು ವೈದ್ಯರಿಗೆ ತಿಳಿಸಿ, 14 ದಿನಗಳ ಚಿಕಿತ್ಸೆ ಊರಲ್ಲಿಯೇ ಮುಗಿಯುವಂತೆ ನೋಡಿಕೊಳ್ಳಬೇಕು. ರಂಜಾನ್ ಉಪವಾಸ ಆಚರಿಸುವವರು, ದೀರ್ಘ ವ್ರತದಲ್ಲಿರುವವರು, ಹುಣ್ಣು ಅಥವಾ ರಕ್ತಸ್ರಾವ ಇಲ್ಲದಿದ್ದಲ್ಲಿ, ಚಿಕಿತ್ಸೆಯನ್ನು ಆ ನಂತರ ಆರಂಭಿಸಲು ಕೋರಬಹುದು. ಔಷಧ ವಿತರಣಾ ಕಿಟಕಿಯಲ್ಲಿ ಒಮ್ಮೆಗೆ ಕೆಲವೇ ದಿನಗಳ ಮಾತ್ರೆ ದೊರೆತಲ್ಲಿ ಉಳಿದವನ್ನು ಎಂದು ಪಡೆಯಬೇಕೆಂದು ಅಲ್ಲಿಯೇ ವಿಚಾರಿಸಿ, ಮುಗಿಯುವ ಹಿಂದಿನ ದಿನವೇ ಹೋಗುವುದು. ಅರ್ಧ ಚಿಕಿತ್ಸೆಗಿಂತ, ಪೂರ್ಣ ಮಾಡಲು ಸಾಧ್ಯವಾಗುವ ಸಮಯಕ್ಕೆ ಮುಂದೂಡಿದ ಚಿಕಿತ್ಸೆ ಮೇಲು.

ಚಿಕಿತ್ಸೆಯಿಂದ ನಿರೀಕ್ಷಿಸಬಹುದಾದುದು

ಹುಣ್ಣು ಇದ್ದವರಲ್ಲಿ ಲಾಭ ಸ್ಪಷ್ಟವಾಗಿದೆ. ಬ್ಯಾಕ್ಟೀರಿಯಾ ಹೋದ ನಂತರ ಹುಣ್ಣು ಮರುಕಳಿಸುವುದು ವಿರಳ; ಹೋಗದಿದ್ದಲ್ಲಿ ಬಹುಪಾಲು ಜನರಲ್ಲಿ ಮರುಕಳಿಸುತ್ತದೆ. ಹುಣ್ಣಿಲ್ಲದ, ಕೇವಲ ಅಜೀರ್ಣವಿರುವ ಸೋಂಕಿತರಲ್ಲಿ ಮಾತ್ರ ಲಾಭ ಸೀಮಿತವಾದುದು. ಅಂತಹ ಸುಮಾರು 12 ರಿಂದ 14 ಜನರಿಗೆ ಚಿಕಿತ್ಸೆ ನೀಡಿದಲ್ಲಿ, ಅದಿಲ್ಲದೆಯೂ ಗುಣ ಕಾಣುತ್ತಿದ್ದವರಿಗಿಂತ ಒಬ್ಬರು ಹೆಚ್ಚಾಗಿ ಗುಣಮುಖರಾಗುತ್ತಾರೆ ಎಂದು ಅಂತರರಾಷ್ಟ್ರೀಯ ಅಧ್ಯಯನಗಳು ತಿಳಿಸುತ್ತವೆ. ಆ ಗುಣವೂ ಕೂಡಲೇ ಕಾಣದೆ, 6 ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಕಾಣುತ್ತದೆ. ಹೀಗಿದ್ದರೂ ಮುಂದೆ ಹುಣ್ಣು ಹಾಗೂ ಕ್ಯಾನ್ಸರ್ ಆಗುವ ಸಂಭವ ಕಡಿಮೆಯಾಗುವುದರಿಂದ ಚಿಕಿತ್ಸೆ ವ್ಯರ್ಥವಲ್ಲ. ಮಾತ್ರೆ ಮುಗಿದ ಮರುವಾರವೂ ಉಬ್ಬರವಿದೆ ಎಂದು ಬೇರೆ ವೈದ್ಯರಲ್ಲಿ ಹೋಗಿ ಮತ್ತೊಂದು ಸುತ್ತು ಆಂಟಿಬಯೋಟಿಕ್ ಬರೆಸಿಕೊಳ್ಳುವುದು ಸರಿಯಲ್ಲ.

ಬ್ಯಾಕ್ಟೀರಿಯಾ ಹೋಗಿದೆಯೇ ಎಂಬುದನ್ನು ಲಕ್ಷಣಗಳಿಂದ ತಿಳಿಯಲಾಗದು. ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರಗಳ ನಂತರ, ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿ 2 ವಾರಗಳ ನಂತರ, ಮಲದ ಅಥವಾ ಉಸಿರಿನ ಪರೀಕ್ಷೆಯನ್ನು ಮತ್ತೆ ಮಾಡಿಸತಕ್ಕದ್ದು. ಜಠರದಲ್ಲಿ ಹುಣ್ಣು ಇದ್ದವರಿಗೆ ಅದು ಮಾಯ್ದಿರುವುದನ್ನು ಖಚಿತಪಡಿಸಲು ಮರು ಎಂಡೋಸ್ಕೋಪಿ ಬೇಕಾಗಬಹುದು. ಈ ಮರುಪರೀಕ್ಷೆಯ ಹಂತವನ್ನು ಹೆಚ್ಚಿನವರು ಕೈಬಿಡುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆ ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳುವುದು. ಅಲ್ಲಿಂದ ಅಗತ್ಯಕ್ಕೆ ಅನುಸಾರ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಸರ್ಕಾರಿ ಆಸ್ಪತ್ರೆಗೆ ಅಥವಾ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ, ಕ್ಯಾನ್ಸರ್ ಖಚಿತವಾದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಇವೆ. ಎಂಡೋಸ್ಕೋಪಿ ನಡೆಯುವ ದಿನಗಳು ಹಾಗೂ ಮಲಪರೀಕ್ಷೆಯ ಲಭ್ಯತೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗಿರುವುದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಬರುವುದು ಒಳಿತು.

ನೋಂದಣಿ ಕಿಟಕಿಯಲ್ಲಿ ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿಯನ್ನು ಹಾಜರುಪಡಿಸಿ ಹೊರರೋಗಿ ಚೀಟಿ ಪಡೆಯತಕ್ಕದ್ದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚವನ್ನು ಭರಿಸಲಾಗುತ್ತದೆ. ಇತರೆ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನೆರವು ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ವೈದ್ಯರ ಶಿಫಾರಸು ಪತ್ರವನ್ನು ಮೊದಲೇ ಪಡೆದಿರಬೇಕು. ಯೋಜನೆಯಲ್ಲಿ ಗುರುತಿಸಿರುವ ತುರ್ತು ಸಂದರ್ಭಗಳಿಗೆ ಶಿಫಾರಸು ಪತ್ರ ಬೇಕಿಲ್ಲ. ಇದು ನಗದುರಹಿತ ಯೋಜನೆಯಾದ್ದರಿಂದ ಸ್ವಂತ ಇಚ್ಛೆಯಿಂದ ಹೊರಗೆ ಹಣ ಕೊಟ್ಟು ಮಾಡಿಸಿಕೊಂಡ ಪರೀಕ್ಷೆಗಳ ರಸೀದಿ ತಂದು ಮರುಪಾವತಿ ಕೋರುವುದರಿಂದ ಪ್ರಯೋಜನವಾಗುವುದಿಲ್ಲ.

ಹೊರರೋಗಿ ಚೀಟಿ, ಎಂಡೋಸ್ಕೋಪಿ ವರದಿ, ಚೂರು ಪರೀಕ್ಷೆಯ ವರದಿ ಮತ್ತು ಸೇವಿಸಿದ ಔಷಧಗಳ ಪಟ್ಟಿಯನ್ನು ಒಂದೇ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಪ್ರತಿ ಭೇಟಿಯಲ್ಲಿ ತರತಕ್ಕದ್ದು. ಚೂರು ಪರೀಕ್ಷೆಯ ವರದಿಯು ಎಂಡೋಸ್ಕೋಪಿಯ ದಿನವೇ ಸಿಗುವುದಿಲ್ಲ. ಅದನ್ನು ಪಡೆಯಲು ಯಾವ ದಿನ, ಯಾವ ಕೊಠಡಿಗೆ ಬರಬೇಕೆಂದು ಕೇಳಿ ಬರೆಸಿಕೊಂಡೇ ಹಿಂತಿರುಗುವುದು.